ದರ್ಶನವಾದ ಮೇಲಿನ ಗುಳಿಗೆ

ಖಾಲಿ ಹೊಟ್ಟೆ ಎಂದರೆ ಏನೆಂದು ತಿಳಿಯಲು ನನಗೆ ನನ್ನ ಕೆಲಸದ ಆಯುಷ್ಯವೆಲ್ಲ ಬೇಕಾಯಿತು. ಈಗ ಲ್ಯಾಬಿನಲ್ಲಿ ನನ್ನ ಕುರ್ಚಿಯ ಮೇಲೆ ಕೂತಿರುವ ಹುಡುಗಿಯರು ಇದನ್ನು ಓದಿ ನಗುತ್ತಾರೆ, ನಗಲಿ. ಅವರಿಗೂ ಆ ಕಾಲ ಬರುತ್ತದೆ.

“ರಾತ್ರಿ ಊಟವಾದ ಮೇಲೆ ಏನೂ ತಗೋಬೇಡಿ, ಖಾಲಿ ಹೊಟ್ಟೆಯಲ್ಲಿ ಬನ್ನಿ” ಎಂದರೆ ನಮ್ಮ ಚಿಕ್ಕೋಡಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರುತ್ತಾರೆ. ಚಹಾ ಕುಡಿದದ್ದನ್ನು ಯಾರೂ ತಿಂದದ್ದು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಪ್ಪಾಣಿ ಕಡೆಯ ಹಿರಿಯರೊಬ್ಬರು ತಂಬಾಕನ್ನು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡೇ ಬಂದಿದ್ದರು. ಕೇಳಿದರೆ, “ಬಾಯಾಗ ಐತ್ರಿ, ಹೊಟ್ಯಾಗಿಲ್ಲಲ್ಲ” ಎಂದರು. ಇನ್ನೊಬ್ಬ ತಾಯಿಗೆ ನಾನು “ಉಪವಾಸ ಬನ್ನಿ” ಎಂದು ಹೇಳಿದ್ದೆ. ಆಕೆ ಶಾಬೂದಾಣಿ ಖಿಚಡಿ, ಎರಡು ಬಾಳೆಹಣ್ಣು ತಿಂದು, ತೃಪ್ತಿಯಿಂದ ಬಂದು ಕೂತಳು. ಸಕ್ಕರೆ ಪರೀಕ್ಷೆಯ ಅಂಕಿ ನೋಡಿ ನಮ್ಮ ಯಜಮಾನರು ಹೌಹಾರಿದರು. ಆಕೆ ಮಾತ್ರ, ಉಪವಾಸಕ್ಕೆ ತಿನ್ನುವುದನ್ನೇ ತಿಂದಿದ್ದೇನೆ, ಇದರಲ್ಲಿ ನನ್ನ ತಪ್ಪೇನು ಎಂದು ನನ್ನ ಮುಖ ನೋಡುತ್ತಿದ್ದಳು. ತಪ್ಪೇನೂ ಇರಲಿಲ್ಲ.

ನಾನು ಬೆಳಗಾವಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ದುಂಡಗೆ ಬರೆಯುವುದನ್ನು, ಮೆಲ್ಲಗೆ ಮಾತಾಡುವುದನ್ನು ಸಿಸ್ಟರುಗಳು ಕಲಿಸಿದ್ದರು. ಅದರಿಂದ ಸಂಸಾರಕ್ಕೆ ಏನು ಪ್ರಯೋಜನ ಎಂಬ ಅನುಮಾನ ಅತ್ತೆಯವರಿಗೆ ಇತ್ತು. ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ನಮ್ಮವರ ರಕ್ತ ಪರೀಕ್ಷೆಯ ಲ್ಯಾಬ್. ಅಲ್ಲಿನ ಸಹಾಯಕಿ ಹೆರಿಗೆಗೆಂದು ತವರಿಗೆ ಹೋದಾಗ ನಮ್ಮವರು, ಸ್ವಲ್ಪ ದಿನ ಕೆಳಗೆ ಬಂದು ಬಾಟಲಿಗಳ ಮೇಲೆ ಹೆಸರು ಬರೆದುಕೊಡು ಎಂದರು. ಆ ಸ್ವಲ್ಪ ದಿನ ಮುಗಿದದ್ದು ನನ್ನ ತಲೆ ಬೆಳ್ಳಗಾದ ಮೇಲೆ. ಪಗಾರ ಇರಲಿಲ್ಲ, ಆದ್ದರಿಂದ ಬಡ್ತಿಯ ಬಗ್ಗೆ ಬರೆಯುವ ಕಷ್ಟವೂ ನನಗಿಲ್ಲ. ಓಣಿಯವರು ಕೊನೆಯವರೆಗೂ ನನ್ನ ಬಗ್ಗೆ “ಅವರೇನ ಮನ್ಯಾಗ ಇರತಾರ” ಎಂದೇ ಹೇಳುತ್ತಿದ್ದರು. ಅದೂ ನಿಜವೇ. ಮೇಲೆ ಕುಕ್ಕರಿಟ್ಟು ಕೆಳಗೆ ರಕ್ತ ತೆಗೆಯುತ್ತಿದ್ದೆ. ಸೀಟಿ ಹೊಡೆದರೆ ಕೈಯಲ್ಲಿ ಸಿರಿಂಜ್ ಹಿಡಿದುಕೊಂಡೇ ಮನಸ್ಸಿನಲ್ಲಿ ಎಣಿಸುತ್ತಿದ್ದೆ.

ಮೇಲಧಿಕಾರಿ ಎಂದರೆ ನಮ್ಮವರೇ. ಮೇಲಿನ ಮನೆಯಲ್ಲಿ ಉಪ್ಪು ಕಡಿಮೆಯಾದರೂ ಸುಮ್ಮನೆ ಉಣ್ಣುವ ಮನುಷ್ಯ, ಮೆಟ್ಟಿಲಿಳಿದರೆ ಬೇರೆಯೇ. ಲ್ಯಾಬಿನಲ್ಲಿ ನನ್ನನ್ನು ‘ನೀವು’ ಎನ್ನುತ್ತಿದ್ದರು. “ನೀವು ಇದರ ಮ್ಯಾಲ ವಯಸ್ಸು ಬರದಿಲ್ಲ” ಎಂದರೆ ನಾನು “ಬರೀತೀನ್ರಿ” ಎನ್ನುವುದು. ಸಂಜೆ ಅದೇ ಮನುಷ್ಯ ಚಪ್ಪಲಿ ಬಿಟ್ಟು ಮೇಲೆ ಬಂದು “ಏನ ಮಾಡೀ ಪಲ್ಯಾ” ಎಂದು ಕೇಳುವುದು. ರೋಗಿಗಳು ಅವರನ್ನು ಅಣ್ಣಾ ಎನ್ನುತ್ತಿದ್ದರು, ಅಣ್ಣನ ಹೆಂಡತಿಯಾದ್ದರಿಂದ ನಾನು ಎಲ್ಲರಿಗೂ ವೈನಿ. ಸೂಜಿ ಚುಚ್ಚುವ ಕೆಲಸಕ್ಕೆ ಇಂಥ ಸಂಬಂಧ ಬಹಳ ಅನುಕೂಲ. ವೈನಿ ಚುಚ್ಚಿದರೆ ಯಾರೂ ಬೈಯುವುದಿಲ್ಲ.

ರಕ್ತನಾಳ ಹುಡುಕುವುದು ಕಣ್ಣಿನ ಕೆಲಸವಲ್ಲ, ಬೆರಳಿನ ಕೆಲಸ. ಜೋಳದ ಹಿಟ್ಟು ಹದಕ್ಕೆ ಬಂತೋ ಇಲ್ಲವೋ ಎಂದು ಬೆರಳಿಗೆ ಗೊತ್ತಾಗುತ್ತದಲ್ಲ, ಹಾಗೆ. ಇದನ್ನು ಹೊಸ ಹುಡುಗಿಯರಿಗೆ ನಾನು ಹೇಳಿಕೊಡುವುದಿಲ್ಲ, ಅವರ ಬೆರಳೇ ಹೇಳಿಕೊಡಲಿ.

ಆಗ ಥೈರಾಯ್ಡ್ ಪರೀಕ್ಷೆಯ ಯಂತ್ರ ನಮ್ಮಲ್ಲಿ ಇರಲಿಲ್ಲ. ಮಾದರಿಗಳನ್ನು ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು ಕೊಲ್ಹಾಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಅಲ್ಲಿನ ಲ್ಯಾಬಿನವರು ಬಸ್‌ಸ್ಟ್ಯಾಂಡಿಗೆ ಬಂದು ಇಸಿದುಕೊಳ್ಳುವರು. ಒಂದು ದಿನ ಅಲ್ಲಿಂದ ಫೋನು: “ವೈನಿ, ನಿಮ್ಮ ಪೇಷಂಟ್‌ಗಳ ರಕ್ತದಾಗ ಶುಂಠಿ, ಏಲಕ್ಕಿ ಅದಾವ್ರಿ. ಭಾಳ ಚೊಲೋ ಆಗೈತಿ.” ಬಸ್ಸಿನಲ್ಲಿ ಯಾರೋ ಆಸ್ಪತ್ರೆಯಲ್ಲಿದ್ದ ತಮ್ಮ ತಂದೆಗೆ ಒಯ್ಯುತ್ತಿದ್ದ ಚಹಾದ ಥರ್ಮಾಸು ನಮ್ಮದರ ತಮ್ಮನ ಹಾಗಿತ್ತಂತೆ. ಆ ಮನುಷ್ಯ ನಿಪ್ಪಾಣಿಯಲ್ಲಿ ಇಳಿದು, ತಂದೆಗೆ ಕಪ್ಪಿನಲ್ಲಿ ಚಹಾ ಹಾಕಿಕೊಡಲು ಮುಚ್ಚಳ ತಿರುಗಿಸಿ ಐಸನ್ನೂ ಕೆಂಪು ನಳಿಕೆಗಳನ್ನೂ ಕಂಡು ಅಲ್ಲೇ ಕೂತುಬಿಟ್ಟಿದ್ದ. ಪಾಪ, ಮುಂದಿನ ಬಸ್ಸಿಗೆ ತಾನೇ ತಂದುಕೊಟ್ಟ. ಅಂದಿನಿಂದ ನಮ್ಮ ಥರ್ಮಾಸಿಗೆ ಮಗಳ ಶಾಲೆಯ ಕೆಂಪು ರಿಬ್ಬನ್ ಕಟ್ಟಿದೆ. ಯಂತ್ರ ಬಂದು ಥರ್ಮಾಸು ಅಟ್ಟಕ್ಕೆ ಹೋದ ಮೇಲೂ ಆ ರಿಬ್ಬನ್ ಅದರ ಕೊರಳಲ್ಲೇ ಇದೆ.

ಆಮೇಲೆ ಬಣ್ಣಬಣ್ಣದ ಮುಚ್ಚಳದ ನಳಿಕೆಗಳು ಬಂದವು, ಗಾಜಿನ ಸಿರಿಂಜ್ ಕುದಿಸುವ ಪಾತ್ರೆ ಹಾಲು ಕಾಯಿಸಲಿಕ್ಕೂ ಆಗದೆ ಮೂಲೆ ಸೇರಿತು. ವರದಿ ಮೊಬೈಲಿಗೇ ಹೋಗತೊಡಗಿತು. ಇದು ಒಳ್ಳೆಯದೇ, ಆದರೆ ಒಂದು ತೊಂದರೆ. ಮೊದಲು ವರದಿಯನ್ನು ಡಾಕ್ಟರು ಓದಿ ಜನರಿಗೆ ಹೇಳುತ್ತಿದ್ದರು. ಈಗ ಮನೆಮಂದಿಯೆಲ್ಲ ಓದಿ ಡಾಕ್ಟರಿಗೆ ಹೇಳುತ್ತಾರೆ. ಅಂಕಿಯ ಪಕ್ಕ ಕೆಂಪು ಬಾಣದ ಗುರುತು ಕಂಡರೆ ಸಾಕು, ಆ ಬಾಣ ತಮ್ಮ ಎದೆಗೇ ಬಂದಂತೆ.

ಪದ್ಮವ್ವನ ಮನೆಗೆ ಬಂದ ಬಾಣವೂ ಹಾಗೆಯೇ ಬಂದದ್ದು.

ಪದ್ಮವ್ವ ನಮ್ಮ ಹಿಂದಿನ ಓಣಿಯ ಜೈನರ ಮನೆಯ ಹಿರಿಯಳು. ತವರು ಶೇಡಬಾಳ. ತುಂಬಿದ ಕೈ, ಹಸಿರು ಬಳೆ. ರಕ್ತ ತೆಗೆಯುವಾಗ ಆ ಬಳೆಗಳನ್ನು ಮೊಣಕೈ ಕಡೆ ಸರಿಸಲು ಹೋದರೆ ಜಪ್ಪಯ್ಯ ಎಂದರೂ ಸರಿಯುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಆಕೆಗೆ ಸುಸ್ತು, ಮುಖದಲ್ಲಿ ಬಾವು, ಮೈಭಾರ. ಪರೀಕ್ಷೆ ಮಾಡಿದಾಗ ಥೈರಾಯ್ಡ್ ಹಾರ್ಮೋನು ಕಡಿಮೆ ಎಂದು ಬಂತು. ಲಿವರಿನ ಅಂಕಿಗಳೂ ಒಂಚೂರು ಮೇಲಿದ್ದವು, ಅದರಲ್ಲಿ ಕೊಬ್ಬು ಸೇರಿದೆ ಎಂದು ಸ್ಕ್ಯಾನಿಂಗಿನಲ್ಲೂ ಬಂತು. ನಮ್ಮ ಭಾಗದವರು ಹೆಚ್ಚಾಗಿ ಹೋಗುವುದು ಅಥಣಿ ಕಡೆಯಿಂದ ಬಂದ ಒಬ್ಬ ಡಾಕ್ಟರಬಾಯಿಯ ಹತ್ತಿರ. ಅವರು ಹಾರ್ಮೋನಿನ ಗುಳಿಗೆ ಶುರುಮಾಡಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ ಎಂದರು. ಪದ್ಮವ್ವ ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಪ್ರತಿ ಸಲದ ಪರೀಕ್ಷೆಯಲ್ಲಿ ಸಾಕಷ್ಟು ಸುಧಾರಣೆ ಕಾಣದು. ಡಾಕ್ಟರಬಾಯಿ ಗುಳಿಗೆಯ ಪ್ರಮಾಣ ಏರಿಸಿದರು. ಮತ್ತೆ ಏರಿಸಿದರು.

ಆ ನಡುವೆ ಪುಣೆಯಲ್ಲಿರುವ ಮಗಳು ತ್ರಿಶಲಾಳಿಗೆ ಕಾಲು ಮುರಿಯಿತು. ಅವಳ ಮನೆ ನೋಡಿಕೊಳ್ಳಲು ಪದ್ಮವ್ವ ಹೋದವರು ಕೆಲವು ತಿಂಗಳು ಅಲ್ಲೇ ಉಳಿದರು. ತಿರುಗಿ ಬಂದಾಗ ಓಣಿಯವರು ಗುರುತು ಹಿಡಿಯಲಿಲ್ಲ. ಅಲ್ಲಿ ತಾಯಿ ಸೊರಗುವುದನ್ನು ನೋಡಿ ತ್ರಿಶಲಾ ಇಡೀ ಮೈಯ ಪರೀಕ್ಷೆ ಮಾಡಿಸಿದ್ದಳು. ವರದಿ ಮೊಬೈಲಿಗೆ ಬಂದಿತ್ತು, ಲಿವರಿನ ಸಾಲಿನಲ್ಲಿ ಕೆಂಪು ಬಾಣ. ಚಿಕ್ಕೋಡಿಯಲ್ಲಿದ್ದ ಸೊಸೆ ಮೊಬೈಲಿನಲ್ಲಿ ಹುಡುಕಿ, ಥೈರಾಯ್ಡ್ ಗುಳಿಗೆಯಿಂದ ಲಿವರ್ ಕೆಡುತ್ತದೆ ಎಂದು ಓದಿ ಮನೆಮಂದಿಗೆಲ್ಲ ಹೇಳಿದಳು. ಮಗ ಬಾಹುಬಲಿ, ಕಾಮಣಿಗೆ ಎಂದರೆ ಕಾಮಾಲೆಗೆ ಸೊಪ್ಪಿನ ಔಷಧ ಕೊಡುವವರನ್ನು ರಾಯಬಾಗದ ಕಡೆ ವಿಚಾರಿಸಿ ಬಂದಿದ್ದ. ಗುಳಿಗೆಯ ಬಾಟಲಿಯನ್ನು ಪದ್ಮವ್ವ ಹಿಂದಿನ ದಿನವಷ್ಟೇ ತಾವೇ ತಿಪ್ಪೆಗೆ ಎಸೆದಿದ್ದರು.

ಇಷ್ಟೆಲ್ಲ ನನಗೆ ತಿಳಿದದ್ದು ಅವರು ಮಗನ ಜೊತೆ ಲ್ಯಾಬಿಗೆ ಬಂದ ಬೆಳಿಗ್ಗೆ. ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಡಾಕ್ಟರಬಾಯಿ ಕಳಿಸಿದ್ದರು. ನಾನು ಕೈ ಹಿಡಿದೆ. ಅಂಗೈ ಬೆಚ್ಚಗೆ, ಒದ್ದೆ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಬಳೆಗಳನ್ನು ಸರಿಸಬೇಕೆಂದು ಮುಟ್ಟಿದೆನೋ ಇಲ್ಲವೋ, ಅವು ಝಲ್ಲೆಂದು ತಾವಾಗಿಯೇ ಮೊಣಕೈಯವರೆಗೆ ಓಡಿದವು. ನನ್ನನ್ನು ಅಂಕಿಗಳಿಗಿಂತ ಮೊದಲು ಆ ಬಳೆಗಳೇ ಹೆದರಿಸಿದವು.

ಪದ್ಮವ್ವನ ಚಿಂತೆ ಲಿವರಿನದಲ್ಲ. ಭಾದ್ರಪದದ ದಶಲಕ್ಷಣ ಪರ್ವ ಹತ್ತಿರ ಬರುತ್ತಿತ್ತು. ಆ ದಿನಗಳಲ್ಲಿ ಹಗಲಿಗೆ ಒಂದೇ ಸಲ ಕೂತು ಉಣ್ಣುವುದು, ನೀರು ಕೂಡ ಆಗಲೇ. ಹತ್ತು ವರ್ಷ ನಡೆಸಿ ಉದ್ಯಾಪನೆ ಮಾಡುವ ವ್ರತ. ಆಕೆಯದು ಹತ್ತನೆಯ ವರ್ಷ.

“ವೈನಿ, ಲಿವರ್ ಏನರ ಆಗಲಿ” ಎಂದರು. “ವರತ ಮುಗಸಾಕ ಬರತೈತೋ ಇಲ್ಲೋ, ಅಷ್ಟ ಹೇಳ್ರಿ. ಒಂಬತ್ತ ವರ್ಷ ಹೊತ್ತ ಕೊಡಾ ಬಾಗಿಲ ಮುಂದ ಬಂದು ಒಡದಂಗ ಆಗಬಾರದು.”

ಬಾಹುಬಲಿ, “ಮೊದಲ ನೀ ಉಳಿ ಅವ್ವಾ, ವರತ ಮುಂದ ನೋಡೂಣು” ಎಂದ. ತಾಯಿ ಅವನ ಕಡೆ ನೋಡಲೂ ಇಲ್ಲ.

ರಕ್ತ ತೆಗೆದಾಯಿತು. ಪದ್ಮವ್ವನ ತುಟಿಗಳು ಒಣಗಿದ್ದವು. ನಾನು ಒಂದು ಲೋಟ ನೀರು ಕೊಟ್ಟೆ. ಜೈನರು ಸೋಸದ ನೀರು ಕುಡಿಯುವುದಿಲ್ಲವೆಂದು ನಮ್ಮ ನಲ್ಲಿಗೆ ಯಾವಾಗಲೂ ಬಿಳಿ ಬಟ್ಟೆ ಕಟ್ಟಿರುತ್ತಿತ್ತು. ಆದರೂ ಅವರು ಕೈ ಅಡ್ಡ ಹಿಡಿದರು.

“ಈಗ ಬ್ಯಾಡ್ರಿ. ಇನ್ನಾ ಬಸದಿಗೆ ಹೋಗಿಲ್ಲ. ದರ್ಶನ ಆಗದ ಹನಿ ನೀರೂ ಬಾಯಾಗ ಹಾಕಂಗಿಲ್ಲ ನಾ.”

“ಹಂಗಾದ್ರ ಗುಳಿಗಿ ಯಾವಾಗ ತಗೋತಿದ್ರಿ?”

“ದರ್ಶನ ಮುಗಿಸಿ ಬಂದ ಮ್ಯಾಲ. ಎಲುಬಿನ ಕ್ಯಾಲ್ಸಿಯಂ ಗುಳಿಗಿ, ಥೈರಾಯ್ಡ್ ಗುಳಿಗಿ ಎಲ್ಲಾ ಕೂಡೇ, ಹಾಲಿನಾಗ. ಮ್ಯಾಲ ಚಾ, ಅವಲಕ್ಕಿ.”

“ಪುಣೆದಾಗೂ ಹಂಗನಾ?”

“ಅಲ್ಲಿ ಬಸದಿ ದೂರ್ರಿ. ಪರಊರಾಗ ಇದ್ದಾಗ ಆ ನೇಮ ನನಗ ಬಿಟ್ಟೈತಿ. ಕಣ್ಣ ತೆರಿಯೂದರಾಗ ತ್ರಿಶಲಾ ಥೈರಾಯ್ಡ್ ಗುಳಿಗಿ, ನೀರು ಕೈಯಾಗ ಕೊಡತಿದ್ಲು. ತಾಸೊತ್ತು ಚಾನೂ ಕೊಡತಿದ್ದಿಲ್ಲ, ಭಾಳ ಕಟ್ಟುನಿಟ್ಟು ಅಕಿ.”

ನನಗೆ ಆಗ ಇದರಲ್ಲಿ ಏನೂ ಹೊಳೆಯಲಿಲ್ಲ ಎಂದು ಬರೆಯುವುದೇ ಸರಿ. ಮಗಳು ಚಹಾ ಕೊಡಲಿಲ್ಲವೆಂಬ ಆಕೆಯ ದೂರು ಚೆಂದ ಅನ್ನಿಸಿತು, ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮವರಿಗೆ ನಗುತ್ತಾ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಮೇಲಿನ ಮನೆಯಲ್ಲಿ ಮೊದಲ ಸಲ ನನಗೆ ‘ನೀವು’ ಎಂದರು: “ಇದನ್ನ ನೀವು ಡಾಕ್ಟರಬಾಯಿಗೆ ಹೇಳ್ರಿ. ಈಗಿಂದೀಗ.”

ಫೋನಿನಲ್ಲಿ ಡಾಕ್ಟರಬಾಯಿ ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿ ಕೇಳಿದರು. ಆಮೇಲೆ ನಕ್ಕರು. “ಖಾಲಿ ಹೊಟ್ಟೀಲೆ ತಗೋತೀರಿಲ್ಲೋ ಅಂತ ನಾ ಪ್ರತಿ ಸಲ ಕೇಳೀನಿ. ಹೌದ್ರಿ ಅಂತ ಅವರೂ ಖರೇನ ಹೇಳ್ಯಾರ. ಗುಳಿಗಿ ಹೋಗೂ ಹೊತ್ತಿಗೆ ಹೊಟ್ಟಿ ಖಾಲೀನ ಇತ್ತಲ್ಲ.” ಸಂಜೆ ನಾಲ್ಕಕ್ಕೆ ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ ಎಂದರು. ಸೂರ್ಯ ಮುಳುಗುವ ಮೊದಲು ಪದ್ಮವ್ವ ಊಟ ಮಾಡಬೇಕೆಂದು ಅವರಿಗೂ ಗೊತ್ತಿತ್ತು.

ವರದಿ ಹಿಡಿದು ನಾನೂ ಹೋದೆ. ಹಾರ್ಮೋನು ಮಿತಿ ಮೀರಿತ್ತು. ಲಿವರಿನ ಅಂಕಿ ಪುಣೆಯಲ್ಲಿ ಇದ್ದಷ್ಟೇ ಮೇಲೆ. ಕಾಮಣಿಯ ಸೋಂಕು ಇರಲಿಲ್ಲ, ಅದನ್ನೂ ನೋಡಿಸಿದ್ದರು. ಡಾಕ್ಟರಬಾಯಿಯ ತವರಿನಲ್ಲಿ ಕಬ್ಬು, ಬೆಲ್ಲದ ಗಾಣ. ಅವರು ಔಷಧದ ಮಾತನ್ನೂ ಗಾಣದ ಭಾಷೆಯಲ್ಲೇ ಹೇಳುವವರು.

“ಲಿವರ್ ಅಂದ್ರ ಬೆಲ್ಲದ ಕೊಪ್ಪರಿಗಿ ಅಂತ ತಿಳೀರಿ. ಈ ಹಾರ್ಮೋನ್ ಅದರ ಕೆಳಗಿನ ಉರಿ. ನಿಮಗ ಮೊದಲ ಉರಿ ಕಡಿಮಿ ಇತ್ತು, ಅದಕ್ಕ ಲಿವರ್‌ನಾಗ ಕೊಬ್ಬು ಕುಂತಿತ್ತು. ಉರಿ ಹಾಕಿರಿ ಅಂತ ನಾ ಕಟಗಿ ಕೊಟ್ಟೆ. ನೀವು ಹಾಲು, ಎಲುಬಿನ ಗುಳಿಗಿ ಕೂಡಿಸಿ ಕಟಗಿ ಹಸಿ ಮಾಡಿ ಹಾಕಿದ್ರಿ. ಉರಿ ಹತ್ತಲಿಲ್ಲ. ನಾ ಮತ್ತಷ್ಟು ಕಟಗಿ ಕೊಟ್ಟೆ. ಪುಣೆದಾಗ ಮಗಳು ಅಷ್ಟೂ ಕಟಗಿ ಒಣಗಿಸಿ ಹಾಕಿದ್ಲು. ಭಗ್ಗ ಅಂತು, ತಳಾ ಹತ್ತಿತು.”

ಪದ್ಮವ್ವನಿಗೆ ತಕ್ಷಣ ಅರ್ಥವಾಯಿತು. “ಹಂಗಾರ ಕೊಪ್ಪರಿಗಿ ಒಡದಿಲ್ಲನ್ರಿ?” ಎಂದರು.

“ಒಡದಿಲ್ಲ. ಉರಿ ಸಣ್ಣ ಮಾಡೂಣು. ಪೂರ್ತಿ ಆರಿಸಿದ್ರ ಮತ್ತ ಮೊದಲಿನ ಕತಿನ.”

ಸೊಸೆ ತಾನು ಓದಿದ್ದನ್ನು ತೋರಿಸಿದಳು. ಡಾಕ್ಟರಬಾಯಿ ಮೊಬೈಲನ್ನು ಇಸಿದುಕೊಂಡು ತಾಳ್ಮೆಯಿಂದ ಓದಿದರು. ಅವಳು ಓದಿದ್ದು ಸುಳ್ಳಲ್ಲ, ಆದರೆ ಅದು ಹೆಚ್ಚಾದ ಥೈರಾಯ್ಡನ್ನು ಇಳಿಸುವ ಗುಳಿಗೆಯ ವಿಷಯ; ಆ ಗುಳಿಗೆ ಅಪರೂಪಕ್ಕೆ ಲಿವರಿಗೆ ತೊಂದರೆ ಕೊಡುತ್ತದೆ, ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಓಡಿ ಬರಬೇಕು ಎಂದು ತಿಳಿಸಿದರು. ಅತ್ತೆಯದು ಕಡಿಮೆಯಾದದ್ದನ್ನು ತುಂಬುವ ಗುಳಿಗೆ, ಸರಿಯಾದ ಪ್ರಮಾಣದಲ್ಲಿ ಅದು ಸಾಮಾನ್ಯವಾಗಿ ಲಿವರಿಗೆ ಮಿತ್ರನೇ. ಬಾಹುಬಲಿಗೆ, ಸೊಪ್ಪಿನ ಔಷಧ ಈಗ ಬೇಡ, ದಣಿದ ಲಿವರಿನ ತಲೆ ಮೇಲೆ ಇನ್ನೊಂದು ಹೊರೆ ಹೊರಿಸಬೇಡ ಎಂದರು.

ವ್ರತದ ಮಾತು ಬಂದಾಗ ಮಾತ್ರ ಅವರು ಸಲೀಸಾಗಿ ಒಪ್ಪಲಿಲ್ಲ. ಎಸೆದ ಗುಳಿಗೆ ಇನ್ನೂ ಕೆಲವು ದಿನ ಬೇಡ, ಆಮೇಲೆ ಸಣ್ಣ ಪ್ರಮಾಣದಲ್ಲಿ ಶುರು. ಪರ್ವದ ಮುಂಚೆ ಮತ್ತೊಂದು ಪರೀಕ್ಷೆ. ಲಿವರಿನ ಅಂಕಿ ಇಳಿದರೆ ವ್ರತ, ಇಳಿಯದಿದ್ದರೆ ಇಲ್ಲ. ಪದ್ಮವ್ವ ತಲೆಯಾಡಿಸಿದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತು, “ಇಳಿತೈತ್ರಿ” ಎಂದರು. ಲಿವರಿಗೇ ಅಪ್ಪಣೆ ಕೊಟ್ಟ ಹಾಗಿತ್ತು.

ಗುಳಿಗೆಗೂ ದರ್ಶನಕ್ಕೂ ಹೊಂದಿಕೆ ಮಾಡಿದ್ದು ಪದ್ಮವ್ವ ಮತ್ತು ಡಾಕ್ಟರಬಾಯಿ ಕೂಡಿ. ಮೊದಲು ಬಸದಿ. ದರ್ಶನ ಮುಗಿದ ಕೂಡಲೇ ಸೆರಗಿನ ಗಂಟಿನಲ್ಲಿದ್ದ ಥೈರಾಯ್ಡ್ ಗುಳಿಗೆ, ಮನೆಯಿಂದ ತಂದ ಸೋಸಿದ ನೀರು. ಆಮೇಲೆ ಅಲ್ಲೇ ಹೆಂಗಸರ ಜೊತೆ ಶಾಸ್ತ್ರ ಕೇಳುತ್ತಾ ಒಂದು ತಾಸು. ಮನೆಗೆ ಬಂದ ಮೇಲೆ ಚಹಾ. ಹಾಲು, ಎಲುಬಿನ ಗುಳಿಗೆ ಮಧ್ಯಾಹ್ನಕ್ಕೆ. ಬಸದಿಯಲ್ಲಿ ಶಾಸ್ತ್ರ ಓದುವ ಅಜ್ಜ, ಪದ್ಮವ್ವ ಇಷ್ಟು ಶ್ರದ್ಧೆಯಿಂದ ಕೊನೆಯವರೆಗೂ ಕೂರುವುದನ್ನು ಕಂಡು ಬಹಳ ಸಂತೋಷಪಟ್ಟರಂತೆ. ಗುಳಿಗೆಯ ಸುದ್ದಿ ಅವರಿಗೆ ಯಾರೂ ಹೇಳಿಲ್ಲ.

ಗಣಪತಿ ಕೂರಿಸುವ ಹಿಂದಿನ ದಿನ ಅವರು ಮತ್ತೆ ಬಂದರು. ಓಣಿಯಲ್ಲಿ ಚಪ್ಪರ ಕಟ್ಟುವ ಗದ್ದಲ. ನಾನು ರಕ್ತ ತೆಗೆದೆ, ನಮ್ಮವರು ಯಂತ್ರಕ್ಕೆ ಹಾಕಿದರು. ಪದ್ಮವ್ವ ಬೆಂಚಿನ ಮೇಲೆ ಕೂತು ಜಪಮಾಲೆ ಹಿಡಿದರು. ಯಂತ್ರ ತನ್ನ ಪಾಡಿಗೆ ಗುರ್ ಎನ್ನುತ್ತಿತ್ತು. ಅಷ್ಟು ವರ್ಷ ಎಷ್ಟೋ ಜನರ ರಕ್ತ ಅದರೊಳಗೆ ಹೋಗಿದೆ, ನಾನು ಎಂದೂ ಎದ್ದು ಹೋಗಿ ಅದರ ಮುಂದೆ ನಿಂತವಳಲ್ಲ. ಅಂದು ನಿಂತೆ. ನಮ್ಮವರು, “ನೀವು ನಿಂತ್ರ ಅದು ಲಗು ಮಾಡಂಗಿಲ್ಲ” ಎಂದರು. ಆದರೆ ಅವರೂ ಕೂತಿರಲಿಲ್ಲ.

ಕಾಗದ ಹೊರಗೆ ಬಂತು. ಲಿವರಿನ ಸಾಲಿನಲ್ಲಿ ಬಾಣ ಇರಲಿಲ್ಲ.

ನಮ್ಮವರು ಡಾಕ್ಟರಬಾಯಿಗೆ ಫೋನು ಮಾಡಿ ಪದ್ಮವ್ವನ ಕೈಗೆ ಕೊಟ್ಟರು. ವ್ರತಕ್ಕೆ ಅಡ್ಡಿಯಿಲ್ಲ, ಆದರೆ ಗುಳಿಗೆ ತಪ್ಪಬಾರದು ಎಂದು ಅವರು ಹೇಳಿದ್ದು ನಮಗೂ ಕೇಳಿಸಿತು. ನನಗೆ ಆಗ ಹೊಸ ಚಿಂತೆ. ದಿನಕ್ಕೆ ಒಂದೇ ಸಲ ಕೂರುವುದು, ನೀರೂ ಆಗಲೇ ಎಂದಮೇಲೆ ತಾಸು ಮುಂಚೆ ಗುಳಿಗೆ ಹೇಗೆ? ಪದ್ಮವ್ವ ಆಗಲೇ ಯೋಚಿಸಿ ಇಟ್ಟಿದ್ದರು.

“ನಾ ಊಟದ ಮಣಿ ಮ್ಯಾಲ ಕೂಡತೀನ್ರಿ. ಮೊದಲ ಗುಳಿಗಿ, ನೀರು. ಏಳಂಗಿಲ್ಲ. ಅಲ್ಲೇ ಕುಂತು ಜಪಾ ಮಾಡತೀನಿ. ಜಪಾ ಮುಗದ ಮ್ಯಾಲ ಉಣ್ಣಾಕ ನೀಡ್ರಿ ಅಂತೀನಿ. ಒಂದ ಸಲ ಕುಂತಂಗೂ ಆತು, ತಾಸು ತಡದಂಗೂ ಆತು.”

ಫೋನಿನಿಂದ ಡಾಕ್ಟರಬಾಯಿಯ ನಗು ಲ್ಯಾಬೆಲ್ಲ ಕೇಳಿತು.

ಆ ಹತ್ತು ದಿನ ಪದ್ಮವ್ವನ ಮನೆಯಲ್ಲಿ ಯಾರಿಗೂ ಹೊತ್ತಿಗೆ ಊಟ ಸಿಗಲಿಲ್ಲವೆಂದು ಸೊಸೆ ನನಗೆ ಹೇಳಿದಳು. ಹಿರಿಯರು ಮಣೆಯ ಮೇಲೆ ಕಣ್ಣು ಮುಚ್ಚಿ ಕೂತಿರುವಾಗ ಉಳಿದವರು ತಟ್ಟೆ ಹಾಕಿಕೊಳ್ಳುವುದು ಹೇಗೆ? “ಅತ್ತಿ ಜಪಮಾಲಿದು ಒಂದೊಂದ ಮಣಿ ಸರಿಸಿದಂಗ ನಮ್ಮ ರೊಟ್ಟಿ ಒಂದೊಂದ ಆರತಿದ್ವು ನೋಡ್ರಿ” ಎಂದಳು. ಉದ್ಯಾಪನೆಯ ಊಟಕ್ಕೆ ನಮ್ಮಿಬ್ಬರಿಗೂ ಕರೆ ಬಂದಿತ್ತು. ಪದ್ಮವ್ವ ತಾವೇ ನಿಂತು ಬಡಿಸಿದರು, ಬೆಲ್ಲದ ಹೋಳಿಗೆ. ನಮ್ಮವರ ಎಲೆಗೆ ಹಾಕುವಾಗ, “ಉರಿ ಹದಾ ಇತ್ತು, ತಿನ್ರಿ” ಎಂದರು.

ಈಗಿನ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. “ಖಾಲಿ ಹೊಟ್ಟೇನಾ?” ಎಂದು ಕೇಳಬೇಡಿ. ಎಲ್ಲರೂ ಹೌದು ಎನ್ನುತ್ತಾರೆ, ಎಲ್ಲರೂ ನಿಜವನ್ನೇ ಹೇಳುತ್ತಾರೆ. ಎದ್ದ ಮೇಲೆ ಬಾಯಿಗೆ ಮೊದಲು ಏನು ಹೋಗುತ್ತದೆ, ಅದರ ಹಿಂದೆ ಏನು ಹೋಗುತ್ತದೆ ಎಂದು ಕೇಳಿ. ಕೇಳಿ ಸುಮ್ಮನಿರಿ, ಅವರೇ ಹೇಳುತ್ತಾರೆ. ಮಗಳ ಮೇಲಿನ ದೂರನ್ನೂ ಸೇರಿಸಿ ಹೇಳುತ್ತಾರೆ, ಅದನ್ನೂ ಕೇಳಿ.

ನಾನು ಲ್ಯಾಬಿನ ಕುರ್ಚಿ ಬಿಡುವ ವಾರ ಪದ್ಮವ್ವ ಲಿವರಿನ ಪರೀಕ್ಷೆಗೆಂದು ಕೊನೆಯ ಸಲ ನನ್ನ ಕೈಯಿಂದ ಚುಚ್ಚಿಸಿಕೊಂಡರು. ಹಣೆಯ ಮೇಲೆ ಬಸದಿಯ ಗಂಧ ಇನ್ನೂ ಹಸಿಯಾಗಿತ್ತು. ಬಳೆಗಳನ್ನು ಸರಿಸಲು ನೋಡಿದೆ. ಮಣಿಕಟ್ಟು ದಾಟಿ ಒಂದು ಬೆರಳು ಮೇಲೆ ಹೋಗಿ ಗಟ್ಟಿಯಾಗಿ ನಿಂತುಬಿಟ್ಟವು. ಎಳೆದರೂ ಬರಲಿಲ್ಲ. ನನಗೆ ಅದಕ್ಕಿಂತ ಒಳ್ಳೆಯ ವರದಿ ಬೇಕಿರಲಿಲ್ಲ.

ಹತ್ತಿ ಒತ್ತಿ ಹಿಡಿಸಿ, ಎಂದಿನಂತೆ ಲೋಟದಲ್ಲಿ ನೀರು ಕೊಟ್ಟೆ. ಅವರು ಮೊದಲು ನಲ್ಲಿಗೆ ಕಟ್ಟಿದ ಬಟ್ಟೆಯನ್ನು ನೋಡಿದರು.

“ಅರಿವಿ ಇವತ್ತ ತೊಳದೀರಿಲ್ಲೋ?”

“ಮುಂಜಾನೆನ ತೊಳದೀನ್ರಿ.”

ಗಟಗಟನೆ ಕುಡಿದು ಲೋಟ ಕೆಳಗಿಟ್ಟರು. ಗೋಡೆಯ ಗಡಿಯಾರ ನೋಡಿದರು.

“ವೈನಿ, ಗುಳಿಗಿ ತಗೊಂಡು ತಾಸಾತು” ಎಂದರು. “ಇನ್ನ ಚಾ ಇಟ್ರೂ ನಡಿತೈತಿ.”